ಮಳೆಗಾಲಕ್ಕೆ ಮುಂಚೆ ಬಚ್ಚಲು ರಿಪೇರಿ: ಅಮ್ಮ ಜಾರಿ ಬೀಳದ ಹಾಗೆ ಏನೇನು ಮಾಡಿಸಬೇಕು?

ತುಂಗಾತೀರ (ಪ್ರಶ್ನೆ)
ಅಮ್ಮನಿಗೆ 72. ತೀರ್ಥಹಳ್ಳಿ ಕಡೆಯ ಹಳೇ ಮನೆ, ಬಚ್ಚಲಿಗೆ ರೆಡ್ ಆಕ್ಸೈಡ್ ನೆಲ, ಹಂಡೆ ಒಲೆ. ಬಿಪಿ ಮಾತ್ರೆ ತಗೋತಾರೆ, ರಾತ್ರಿ ಎರಡು ಸಲ ಏಳ್ತಾರೆ. ಇನ್ನೂ ಬಿದ್ದಿಲ್ಲ, ಆದರೆ ಗೋಡೆ ಹಿಡ್ಕೊಂಡು ನಡೆಯೋದು ಶುರುವಾಗಿದೆ. ನೆಲ ಕಿತ್ತು ಆಂಟಿ-ಸ್ಕಿಡ್ ಟೈಲ್ಸ್ ಹಾಕಿಸಿದರೆ ಸಾಕಾ?

ಗಾರೆ ಕೆಲಸ
ಟೈಲ್ಸ್ ಆಮೇಲೆ, ಮೊದಲು ಹಿಡಿಕೆ. ಒರಟು ಟೈಲ್ಸಿನ ಮೇಲೂ ಸೋಪಿನ ಜಿಡ್ಡು, ಸಂದಿಯಲ್ಲಿ ಪಾಚಿ ಕೂತರೆ ಕಾಲು ಜಾರುತ್ತೆ. ಸುಲಭಕ್ಕೆ ತುಕ್ಕು ಹಿಡಿಯದ 304 ಗ್ರೇಡ್ ಸ್ಟೀಲಿನ, ಒಂದೂಕಾಲು ಇಂಚು ದಪ್ಪದ ರಾಡ್ ತಗೊಳ್ಳಿ. ನೆಲದಿಂದ 33–36 ಇಂಚು ಎತ್ತರ, ಗೋಡೆಗೂ ರಾಡಿಗೂ ಒಂದೂವರೆ ಇಂಚು ಸಂದಿ. ಸಂದಿ ಅದಕ್ಕಿಂತ ಜಾಸ್ತಿಯಾದರೆ ಬೀಳುವಾಗ ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತೆ. ಸ್ಕ್ರೂ ಬರೀ ಗಾರೆಯಲ್ಲಿ ಕೂತರೆ ಪ್ರಯೋಜನವಿಲ್ಲ, ಆ್ಯಂಕರ್ ಬೋಲ್ಟ್ ಇಟ್ಟಿಗೆಗೆ ಹೋಗಬೇಕು. ನಿಮ್ಮದು ಮಣ್ಣಿನ ಗೋಡೆಯಾದರೆ ಬೋಲ್ಟ್ ನಿಲ್ಲೋದೇ ಇಲ್ಲ. ಆಗ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ನೆಲದಲ್ಲಿ ಕಾಂಕ್ರೀಟ್ ಹಾಕಿ ಹೂಳಿ, ಮೇಲ್ತುದಿ ತೊಲೆಗೆ ಬಿಗಿಸಿ. ಗಾಳಿ ಒತ್ತಿ ಅಂಟಿಸೋ ರಬ್ಬರ್ ಹಿಡಿಕೆ ಮಾತ್ರ ಬೇಡ. ಭಾರ ಬಿದ್ದಾಗಲೇ ಕಿತ್ತು ಬರೋ ವಸ್ತು ಅದು.

ಬಾಗಿಲು ಹೊರಗೆ ತೆರೆಯುವ ಹಾಗಿರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ದೂಡೋಕಾಗಲ್ಲ. ಹೊಸ್ತಿಲ ಅಂಚಿಗೆ ಹಳದಿ ಪೇಂಟಿನ ಪಟ್ಟಿ ಎಳೀರಿ.

ಫಿಸಿಯೋ_ಶಿವಮೊಗ್ಗ
ಮೇಲಿನದೆಲ್ಲ ಸರಿ. ಆದರೆ ಗೋಡೆ ಹಿಡಿಯೋದು ಶುರುವಾಗಿದೆ ಅಂದರೆ ತೊಡೆ ಸೋತಿರಬಹುದು. ಇವತ್ತೇ ನೋಡಿ: 17 ಇಂಚು ಎತ್ತರದ ಕುರ್ಚಿ ಗೋಡೆಗೆ ಒತ್ತಿ ಇಡಿ, ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ತಾರೆ ಎಣಿಸಿ. ಪಕ್ಕದಲ್ಲಿ ನೀವಿರಿ. ಈ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು.

ಅಭ್ಯಾಸವೂ ಅದೇ. ವಾರಕ್ಕೆ ಕನಿಷ್ಠ 3 ದಿನ, 8–10 ಸಲ ಕೂತು ಏಳೋದು, ಎರಡು ಸುತ್ತು. ಏಳೋದಕ್ಕಿಂತ ನಿಧಾನವಾಗಿ ಕೂರೋದು ಮುಖ್ಯ, ಧೊಪ್ಪನೆ ಕೂತರೆ ಲೆಕ್ಕವಿಲ್ಲ. ಆಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡ್ ನಿಲ್ಲೋದು. ಬರೀ ವಾಕಿಂಗ್‌ನಿಂದ ಸಮತೋಲನ ಸುಧಾರಿಸಲ್ಲ.

ತುಂಗಾತೀರ
ಎಣಿಸಿದೆ, 7 ಬಂತು. ಇನ್ನೊಂದು, ಶನಿವಾರದ ಎಣ್ಣೆ ಸ್ನಾನ ಅಮ್ಮ ಬಿಡೋದಿಲ್ಲ.

ನರ್ಸ್_ನಿವೃತ್ತ
ಬಿಡಿಸೋದು ಬೇಡ, ಕ್ರಮ ಬದಲಿಸಿ. ಎಣ್ಣೆ ಹಚ್ಚೋದು ಬಚ್ಚಲಿನ ಹೊರಗೆ, ಅಂಗಾಲಿಗೆ ಬೇಡವೇ ಬೇಡ. ಸ್ನಾನ ಕೂತೇ ಆಗಲಿ, ಮಣೆ ಮೇಲಲ್ಲ, ರಬ್ಬರ್ ಬುಡದ ಎತ್ತರದ ಸ್ಟೂಲ್ ಮೇಲೆ. ಹಂಡೆ ನೀರು ಬಿಸಿ ಇದ್ದಷ್ಟೂ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತೆ, ಎದ್ದ ತಕ್ಷಣ ಕಣ್ಣು ಕತ್ತಲೆ ಬರೋದು ಅದಕ್ಕೇ. ಸ್ನಾನ ಮುಗಿದ ಮೇಲೆ ನೆಲಕ್ಕೆ ಸೀಗೆಪುಡಿ ಉದುರಿಸಿ ಉಜ್ಜಿ.

ಪಾಚಿಗೆ ಬ್ಲೀಚಿಂಗ್ ಪೌಡರ್: ಒಂದು ಲೀಟರ್ ನೀರಿಗೆ ಎರಡು ಚಮಚ, ಹದಿನೈದು ನಿಮಿಷ ಬಿಟ್ಟು ತಿಕ್ಕಿ ತೊಳೀರಿ. ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತೆ, ಎಚ್ಚರ.

ಬಿಪಿಯನ್ನು ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ನಿಂತು 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆ ಇದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಕೇಳಿ, ರಾತ್ರಿ ಏಳೋದು ಕಡಿಮೆಯಾದೀತು.

ಊಟ: ಋತುಬಂಧ ಆದವರಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಅನ್ನುತ್ತೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ). 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ. ರಾತ್ರಿ ಗಂಜಿ-ಉಪ್ಪಿನಕಾಯಿಗೇ ಮುಗಿಸುವವರಿಗೆ ಪ್ರೋಟೀನೂ ಸಾಲದು. ಹೆಸರುಕಾಳು, ಮೊಸರು, ತಿನ್ನೋದಾದರೆ ಮೊಟ್ಟೆ ಸೇರಲಿ. ವಿಟಮಿನ್ ಡಿ 60,000 ಯೂನಿಟ್ಟಿನ ಸ್ಯಾಚೆ ಚೀಟಿ ಇಲ್ಲದೆ ತಿಂಗಳುಗಟ್ಟಲೆ ಮುಂದುವರಿಸಬಾರದು.

ಗಾರೆ ಕೆಲಸ
ಅಂಗಳ ಮರೀಬೇಡಿ. ಜೂನಿನಲ್ಲಿ ಬಚ್ಚಲಿಗಿಂತ ಅದೇ ಜಾಸ್ತಿ ಜಾರೋದು. ಓಡಾಡೋ ದಾರಿಗೆ ಅಡಿಕೆ ದಬ್ಬೆ ಅಡ್ಡಡ್ಡ ಹಾಸಿ. ಸವೆದ ಹವಾಯಿ ಚಪ್ಪಲಿ ಒಲೆಗೆ ಬೇಡ, ಕಸಕ್ಕೆ.

ಫಿಸಿಯೋ_ಶಿವಮೊಗ್ಗ
7 ಅಂದರೆ ಮೊದಲ ಎರಡು ವಾರ ಕುರ್ಚಿ ಮೇಲೆ ದಪ್ಪ ದಿಂಬು ಇಟ್ಟು ಎತ್ತರ ಮಾಡಿ ಶುರು ಮಾಡಿಸಿ. ಆಮೇಲೆ ದಿಂಬು ತೆಗೀರಿ.

ಅಕಸ್ಮಾತ್ ಬಿದ್ದರೆ ರಟ್ಟೆ ಹಿಡಿದು ಎಳೆದು ಎಬ್ಬಿಸಬೇಡಿ. ತೊಡೆಸಂದಿನಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಮೂಳೆ ಮುರಿದಿರಬಹುದು. ಎಣ್ಣೆ ತಿಕ್ಕೋದು, ನಾಟಿ ಕಟ್ಟು ಯಾವುದೂ ಬೇಡ. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ.