ಇನ್ಸುಲಿನ್‌ಗೆ ಜೆಲ್ ಇದ್ದರೆ ಫ್ರಿಡ್ಜ್ ಬೇಡವಾ?

ಪ್ರಶ್ನೆ (ಮಾನ್ವಿ): ಮೇಡಂ, ನಮ್ಮವ್ವಗೆ ದಿನಾ ಇನ್ಸುಲಿನ್ ಕೊಡುತ್ತೇವೆ. ರಾಯಚೂರು ಕಡೆಯ ಮೇ ಬಿಸಿಲು ಗೊತ್ತಲ್ಲ, ಅದರಲ್ಲಿ ಕರೆಂಟ್ ಬೇರೆ ಹೋಗುತ್ತೆ. ಜೆಲ್‌ನಲ್ಲಿಟ್ಟರೆ 50 ಡಿಗ್ರಿಯಲ್ಲೂ ಔಷಧಿ ಕೆಡಲ್ಲ ಅಂತ ವಿಡಿಯೋ ನೋಡಿದೆ. ಆನ್‌ಲೈನ್‌ನಲ್ಲಿ ಸಿಗೋ ಜೆಲ್ ಚೀಲ ಅದೇನಾ? ತರಿಸಲಾ?

ಉತ್ತರ (ಫಾರ್ಮಸಿಸ್ಟ್, ಬಳ್ಳಾರಿ): ಅದೇ ಬೇರೆ, ಇದೇ ಬೇರೆ. ಆದರೂ ಚೀಲ ತರಿಸಿ, ಉಪಯೋಗವಿದೆ.

ಇನ್ಸುಲಿನ್ ಒಂದು ಪ್ರೋಟೀನ್. ಬಿಸಿ ತಾಗಿದರೆ, ಜಾಸ್ತಿ ಕುಲುಕಿದರೆ ಅದರ ಮಡಚಿಕೊಂಡ ಆಕಾರ ಸಡಿಲವಾಗುತ್ತೆ. ಆಗ ಕಣಗಳು ಒಂದಕ್ಕೊಂದು ಅಂಟಿ ಎಳೆ ಕಟ್ಟುತ್ತವೆ. ಅಂಟಿದ್ದು ಕೆಲಸಕ್ಕೆ ಬಾರದು. ವಿಡಿಯೋದಲ್ಲಿ ಹೇಳುವ ಹೈಡ್ರೋಜೆಲ್ ಅಂದರೆ ನೀರು ತುಂಬಿದ ಸಣ್ಣ ಬಲೆ. ಪ್ರೋಟೀನ್ ಕಣಗಳು ಅದರಲ್ಲಿ ಬೇರೆ ಬೇರೆಯಾಗಿ ಸಿಕ್ಕಿಕೊಂಡರೆ ಅಂಟಲು ಆಗಲ್ಲ. ಕಷ್ಟ ಇರೋದು ವಾಪಸ್ ತೆಗೆಯೋದರಲ್ಲಿ. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿರುವ ಇಟಿಎಚ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದ ಬಲೆ ಸಕ್ಕರೆ ನೀರು ಹಾಕಿದರೆ ಕರಗುತ್ತೆ. 2024ರಲ್ಲಿ ಗ್ಲಾಸ್ಗೋ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರದು ನನಗೆ ಇನ್ನೂ ಹಿಡಿಸಿತು. ಗಟ್ಟಿ ಜೆಲ್ ಸಿರಿಂಜ್‌ನಲ್ಲೇ ಇರುತ್ತೆ, ಒತ್ತಿದರೆ ಒಡೆಯುತ್ತೆ, ತುದಿಯ ಫಿಲ್ಟರ್ ಜೆಲ್ಲನ್ನು ತಡೆದು ಪ್ರೋಟೀನನ್ನಷ್ಟೇ ಬಿಡುತ್ತೆ. ಆದರೆ ಇವೆಲ್ಲ ಲ್ಯಾಬ್ ಮಾತು, ಮೆಡಿಕಲ್ ಶಾಪ್‌ಗೆ ಬಂದಿಲ್ಲ.

ಆನ್‌ಲೈನ್ ಚೀಲದ ಜೆಲ್ ಔಷಧಿಗೆ ತಾಗೋದೇ ಇಲ್ಲ. ಒಳಗಿನ ಹರಳು ನೀರು ಕುಡಿದು ಉಬ್ಬುತ್ತೆ, ಆ ನೀರು ಆರುವಾಗ ಚೀಲ ತಂಪಾಗುತ್ತೆ. ನಮ್ಮ ಒಣ ಬಿಸಿಲಿಗೆ ಚೆನ್ನಾಗಿ ನಡೆಯುತ್ತೆ, ಮಂಗಳೂರಿನ ಸೆಖೆಗೆ ಅಷ್ಟಿಲ್ಲ. ಗಾಳಿ ಆಡುವ ಕಡೆ ಇಡಿ, ಬೀರುವಿನಲ್ಲಿಟ್ಟರೆ ಸುಮ್ನೆ ದುಡ್ಡು ದಂಡ. ಇದು ಬಳಕೆಯಲ್ಲಿರುವ ಪೆನ್ ಅಥವಾ ಬಾಟಲಿಗೆ ಮಾತ್ರ. ತೆರೆದ ಮೇಲೆ ಸಾಮಾನ್ಯವಾಗಿ 30 ಡಿಗ್ರಿಯೊಳಗೆ 28 ದಿನ. ಕಂಪನಿಗೆ ತಕ್ಕಂತೆ ಬದಲಾಗುತ್ತೆ, ಒಳಗಿನ ಚೀಟಿ ನೋಡಿ. ತೆರೆಯದ್ದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಫ್ರೀಜರ್ ಪಕ್ಕ ಬೇಡ, ಹೆಪ್ಪುಗಟ್ಟಿದರೆ ಎಸೆಯಬೇಕು.

ಪ್ರಶ್ನೆ (ಗಂಗಾವತಿ): ಮೇಡಂ, ಚೀಲದ ಬದಲು ಮಡಕೆ ನಡೆಯುತ್ತಾ?

ಉತ್ತರ: ನಡೆಯುತ್ತೆ, ಅಲ್ಲೂ ತಂಪು ಮಾಡೋದು ಆರುವ ನೀರೇ. ದೊಡ್ಡ ಮಡಕೆಯಲ್ಲಿ ಹಸಿ ಮರಳು, ಅದರೊಳಗೆ ಸಣ್ಣ ಮಡಕೆ, ಅದರಲ್ಲಿ ಒಣ ಡಬ್ಬಿ. ಒಂದು ಥರ್ಮಾಮೀಟರ್ ಹಾಕಿ ಮಧ್ಯಾಹ್ನ 3ಕ್ಕೆ ನೋಡಿ. 30 ದಾಟಿದರೆ ಜಾಗ ಬದಲಿಸಿ. ನೀರಿನಂತಿರುವ ಇನ್ಸುಲಿನ್ ಮಬ್ಬಾದರೆ ಎಸೆಯಿರಿ. ಬಿಳಿ ಮಿಕ್ಸ್ ಇನ್ಸುಲಿನ್ ಆದರೆ ಅಂಗೈಯಲ್ಲಿ ಹೊರಳಿಸಿದರೂ ಗಂಟು ಕರಗದಿದ್ದಾಗ ಎಸೆಯಿರಿ. ಕೆಲವೊಮ್ಮೆ ಕೆಟ್ಟರೂ ಕಣ್ಣಿಗೆ ಕಾಣಲ್ಲ. ಊಟ, ಡೋಸ್ ಅಷ್ಟೇ ಇದ್ದು ಶುಗರ್ ಏರಿದರೆ ಡೋಸ್ ನೀವೇ ಹೆಚ್ಚಿಸಬೇಡಿ. ಹೊಸ ಬಾಟಲಿ ತೆರೆದು ಡಾಕ್ಟರಿಗೆ ಹೇಳಿ.