ಯಿಶಿಂಗ್ ಮಣ್ಣಿನ ಚಹಾ ಬೊಂಬೆಗಳ ಮೇಲೆ ಬಿಳಿ ಪೊರೆ: ಕಾರಣವೇನು, ತೆಗೆಯುವುದು ಹೇಗೆ?

ಎಲೆಚಹಾ (ಬೆಂಗಳೂರು):
ನಮಸ್ಕಾರ. ಚೀನಾದ ಗೊಂಗ್‌ಫು ಪದ್ಧತಿಯಲ್ಲಿ ಚಹಾ ಮಾಡುವಾಗ ತಟ್ಟೆಯ ಮೇಲೆ ಇಟ್ಟುಕೊಳ್ಳುವ ಎರಡು ಬೊಂಬೆಗಳು ನನ್ನಲ್ಲಿವೆ. ಒಂದು ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ, ಇನ್ನೊಂದು ಮೈಮೇಲೆ ಬಿಸಿನೀರು ಸುರಿದರೆ ಉಚ್ಚೆ ಹೊಯ್ಯುವ ಹುಡುಗ. ಎರಡೂ ಗ್ಲೇಜ್ (ಗಾಜಿನಂಥ ಹೊರಲೇಪ) ಇಲ್ಲದ ಕೆಂಗಂದು ಮಣ್ಣಿನವು. ಮೊದಲ ಸಲ ಕುದಿಸಿದ ಎಲೆಯ ನೀರನ್ನು ಅವುಗಳ ಮೇಲೆ ಸುರಿಯುತ್ತೇನೆ, ಕೊನೆಯಲ್ಲಿ ಕೆಟಲಿನ ಬಿಸಿನೀರಿನಿಂದ ತೊಳೆದು ಹಾಗೆಯೇ ಆರಲು ಬಿಡುತ್ತೇನೆ. ಮೈ ಹೊಳಪೇರುವ ಬದಲು ಕಪ್ಪೆಯ ಬೆನ್ನಿನ ಗುಳ್ಳೆಗಳ ಸಂದಿನಲ್ಲೂ ಬುಡದ ಸುತ್ತಲೂ ಬಿಳಿ ಪೊರೆ ಕಟ್ಟಿದೆ. ಹುಡುಗನಂತೂ ಈಗ ಹನಿಯನ್ನೂ ಹಾಕುವುದಿಲ್ಲ. ಇದು ಬೂಷ್ಟೋ, ಮಣ್ಣಿನ ದೋಷವೋ ತಿಳಿಸಬೇಕಾಗಿ ವಿನಂತಿ.

ಮಲೆನಾಡಿಗ:
ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಹತ್ತಿಬಟ್ಟೆಯಿಂದ ಉಜ್ಜಿ ನೋಡಿ, ಬಿಳಿ ಮಾಯವಾಗುತ್ತದೆ.

ಹಳೇ ಕೆಟಲ್:
ದಯವಿಟ್ಟು ಎಣ್ಣೆ ಹಚ್ಚಬೇಡಿ. ಎಣ್ಣೆಯ ಪಸೆಯಲ್ಲಿ ಬಿಳಿ ಕಾಣದಾಗುತ್ತದೆಯೇ ಹೊರತು ಹೋಗುವುದಿಲ್ಲ. ಮೇಲಾಗಿ ಆ ಎಣ್ಣೆ ರಂಧ್ರಗಳಲ್ಲಿ ಉಳಿದು ಕಮಟು ವಾಸನೆ ಹಿಡಿಯುತ್ತದೆ. ಸಾಬೂನು, ಪಾತ್ರೆ ತೊಳೆಯುವ ದ್ರಾವಣಗಳೂ ಬೇಡ. ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್‌ನಲ್ಲಿ ಸಿಗುವ ಝೀಶಾ ಮಣ್ಣನ್ನು ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಮೇಲೂ ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಮತ್ತು ಚಹಾ ಹೀರಿ ವರ್ಷಾನುಗಟ್ಟಲೆ ಮೈಗೆ ಹೊಳಪು ಬರುವುದು ಆ ರಂಧ್ರಗಳಿಂದಲೇ. ಅವುಗಳೊಳಗೆ ಏನನ್ನು ಬಿಡುತ್ತೇವೆ ಎಂಬುದೇ ಆರೈಕೆಯ ಮುಖ್ಯ ಪ್ರಶ್ನೆ.

ನಿಮ್ಮ ಮನೆಗೆ ಬರುವುದು ಕೊಳವೆಬಾವಿಯ ನೀರೇ? ಹೌದಾದರೆ ನನ್ನ ಅನುಮಾನ ಮಣ್ಣಿನ ಮೇಲಲ್ಲ, ಕೊನೆಯಲ್ಲಿ ತೊಳೆಯುತ್ತೀರಲ್ಲ, ಆ ನೀರಿನ ಮೇಲೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ ಗಡಸುತನ (ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ) ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದಿದ್ದರೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಅಂಥ ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಾವು ಸುಣ್ಣವೆನ್ನುವ ಬಿಳಿ ಪೊರೆ, ಆಗುತ್ತದೆ. ಕೆಟಲಿನ ತಳದಲ್ಲಿ ಕಟ್ಟುವ ಪೊರೆಯೂ ಅದೇ. ಬೊಂಬೆ ಆರುವಾಗ ರಂಧ್ರದೊಳಗಿನ ನೀರು ಮೇಲ್ಮೈಗೆ ಬಂದು ಆವಿಯಾಗಿ ಲವಣವನ್ನು ಅಲ್ಲಿಯೇ ಬಿಡುತ್ತದೆ. ಸಂದುಗಳಲ್ಲಿ ಮತ್ತು ತಟ್ಟೆಗೆ ತಾಗುವ ಬುಡದಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುವುದರಿಂದ ಅಲ್ಲಿ ಬಿಳಿ ಹೆಚ್ಚು.

ಊಹೆಯ ಮೇಲೆ ಮುಂದುವರಿಯುವ ಮುನ್ನ ಬುಡದಲ್ಲಿ ಒಂದು ಹನಿ ವಿನೆಗರ್ ಹಾಕಿ ನೋಡಿ. ಸಣ್ಣ ಗುಳ್ಳೆಗಳೆದ್ದು ಬಿಳಿ ಕರಗಿದರೆ ಅದು ಸುಣ್ಣ. ಗುಳ್ಳೆ ಏಳದೆ, ಬಿಳಿಯು ಹತ್ತಿಯಂತೆ ಮೆತ್ತಗಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು; ಹಾಗಿದ್ದರೆ ಕುದಿನೀರು ಸುರಿದು, ಬ್ರಷ್‌ನಿಂದ ಉಜ್ಜಿ, ಗಾಳಿಯಾಡುವ ಕಡೆ ಪೂರ್ತಿ ಒಣಗಿಸಬೇಕಾಗುತ್ತದೆ.

ಎಲೆಚಹಾ:
ಕೊಳವೆಬಾವಿಯ ನೀರೇ. ಗುಳ್ಳೆಗಳು ಎದ್ದವು, ಹನಿ ಬಿದ್ದ ಜಾಗದಲ್ಲಿ ಮಣ್ಣಿನ ಬಣ್ಣ ಕಂಡಿತು. ಹಾಗಾದರೆ ಇಡೀ ಬೊಂಬೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಡಬಹುದೇ?

ಹಳೇ ಕೆಟಲ್:
ಒಣಗಿದ ಬೊಂಬೆಯನ್ನು ನೇರವಾಗಿ ಮುಳುಗಿಸಬೇಡಿ, ಅದು ಆಮ್ಲವನ್ನು ಒಳಗೆಳೆದುಕೊಳ್ಳುತ್ತದೆ. ಮೊದಲು ಶುದ್ಧೀಕರಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ರಂಧ್ರಗಳಲ್ಲಿ ನೀರು ತುಂಬಿದ್ದರೆ ವಿನೆಗರ್ ಬಹುಮಟ್ಟಿಗೆ ಹೊರಮೈಯಲ್ಲೇ ಕೆಲಸ ಮಾಡುತ್ತದೆ. ಅನಂತರ ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸವನ್ನು ಮೆತ್ತನೆಯ ಬ್ರಷ್‌ನಿಂದ ಬಿಳಿಯಿರುವ ಕಡೆಗಷ್ಟೇ ಹಚ್ಚಿ, ಕರಗಿದ ಕೂಡಲೇ ತೊಳೆಯಿರಿ. ದಪ್ಪ ಪೊರೆಯನ್ನು ಒಂದೇ ಸಲಕ್ಕೆ ತೆಗೆಯುವ ಹಟ ಬೇಡ. ಕೊನೆಗೆ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ನೀರು ಬದಲಿಸುತ್ತ ನೆನೆಸಿ. ತಂತಿಬ್ರಷ್ಷು, ಉಪ್ಪುಕಾಗದ ಬಳಸಿದರೆ ಆದ ಗೀರು ಮತ್ತೆ ಹೋಗುವುದಿಲ್ಲ.

ನೆನೆಸಿದ ನೀರಿಗೇ ಕೆಂಪು ಅಥವಾ ಕಪ್ಪು ಬಣ್ಣ ಇಳಿದರೆ ಅಲ್ಲಿಗೇ ನಿಲ್ಲಿಸಿ. ಈ ಮೊದಲು ಹೀರಿದ ಚಹಾದ ಛಾಯೆ ತುಸು ಬಿಡುವುದು ಸಹಜ, ಆದರೆ ಬಟ್ಟೆಗೆ ಹತ್ತುವಷ್ಟು ಬಣ್ಣ ಬಂದರೆ ಬೊಂಬೆಗೆ ಮೇಲಿಂದ ಬಣ್ಣ ಬಳಿದಿದ್ದಾರೆಂದೇ ತಿಳಿಯಬೇಕು.

ಹುಡುಗನ ವಿಷಯ ಬೇರೆ, ಆದರೆ ಮೂಲ ಬಹುಶಃ ಒಂದೇ. ಆ ಕಿರಿದಾದ ತೂತಿನಲ್ಲಿ ಸುಣ್ಣ ಕಟ್ಟಿದೆ. ಪಿನ್ನಿನಿಂದ ಚುಚ್ಚಿದರೆ ತೂತಿನ ಅಂಚು ಸಿಡಿಯುತ್ತದೆ, ನೈಲಾನ್ ಬ್ರಷ್ಷಿನ ಒಂದು ಎಳೆಯನ್ನು ಕತ್ತರಿಸಿ ಬಳಸಿ. ಆಮೇಲೆ ಅವನನ್ನು ಬಿಸಿನೀರಿನಲ್ಲಿ ಮುಳುಗಿಸಿ, ಗಾಳಿಯ ಗುಳ್ಳೆಗಳು ನಿಂತ ಮೇಲೆ ಕೋಣೆಯ ತಾಪದ ನೀರಿಗೆ ಹಾಕಿ. ಒಳಗಿನ ಗಾಳಿ ತಣಿದು ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಮಂಜುಗಡ್ಡೆಯ ನೀರು ಬೇಡ, ಮಣ್ಣು ಸೀಳಬಹುದು. ಅವನ ಹೊಟ್ಟೆಯನ್ನು ಪೂರ್ತಿ ತುಂಬಿಸುವುದೂ ತಪ್ಪು: ಚಿಮ್ಮುವ ಒತ್ತಡ ಬರುವುದು ಗಾಳಿಯಿಂದ. 30 ಡಿಗ್ರಿಯ ಗಾಳಿ 90 ಡಿಗ್ರಿಗೆ ಕಾದರೆ ಅದರ ಗಾತ್ರ ಸುಮಾರು ಐದನೆಯ ಒಂದು ಭಾಗ ಹೆಚ್ಚಿ ನೀರನ್ನು ತೂತಿನಿಂದ ತಳ್ಳುತ್ತದೆ; ನೀರಷ್ಟೇ ಇದ್ದರೆ ಅದು ಹಿಗ್ಗುವುದು ತೀರ ಕಡಿಮೆ. ಅರ್ಧ ನೀರು, ಅರ್ಧ ಗಾಳಿ ಇರಲಿ. ಒಳಗೆ ಚಹಾ ಮಾತ್ರ ಬಿಡಬೇಡಿ, ಆ ತೂತಿನ ಮೂಲಕ ಒಳಭಾಗವನ್ನು ತೊಳೆಯುವುದು ಯಾರಿಂದಲೂ ಆಗದು.

ಮಲೆನಾಡಿಗ:
ಎಣ್ಣೆಯ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದ ಹಾಲು ಚಹಾವನ್ನು ಸುರಿಯಬಹುದೇ?

ಹಳೇ ಕೆಟಲ್:
ಸುರಿದರೆ ಮರುದಿನ ಬೊಂಬೆಗಿಂತ ಇರುವೆಗಳೇ ಹೆಚ್ಚು ಕಾಣುತ್ತವೆ. ಹಾಲು ಹುಳಿಯುತ್ತದೆ, ಸಕ್ಕರೆ ಅಂಟುತ್ತದೆ. ಹಾಲು, ಸಕ್ಕರೆ ಸೇರದ ಎಲೆಚಹಾ ಮಾತ್ರ.

ಎಲೆಚಹಾ:
ಕಪ್ಪೆಯ ಬೆನ್ನು ಶುದ್ಧವಾಯಿತು, ಹುಡುಗನೂ ತಟ್ಟೆಯಾಚೆಗೆ ಹೊಯ್ದ. ಆದರೆ ಕಪ್ಪೆಯ ತಲೆ ಕಪ್ಪಾಗಿದ್ದು ಪಕ್ಕಗಳು ತಿಳಿಯಾಗಿವೆ. ಇನ್ನು ಮುಂದೆ ಯಾವ ನೀರು ಬಳಸಲಿ?

ಹಳೇ ಕೆಟಲ್:
ನೀವು ಚಹಾವನ್ನು ಯಾವಾಗಲೂ ತಲೆಯ ಮೇಲೇ ಸುರಿಯುತ್ತಿದ್ದೀರೆಂದು ಕಾಣುತ್ತದೆ. ಬ್ರಷ್ ಅದ್ದಿ ಪಕ್ಕಗಳಿಗೂ ಹಚ್ಚಿ, ಆಗಾಗ ಬೊಂಬೆಯನ್ನು ತಿರುಗಿಸಿ. ಹುದುಗಿಸಿದ ಪು-ಅರ್ ಎಂಬ ಚೀನೀ ಚಹಾ ಬಳಸುವವರ ಬೊಂಬೆ ಬೇಗ ಗಾಢವಾಗುತ್ತದೆ, ಹಸಿರು ಚಹಾ ಬಹಳ ನಿಧಾನ. ಎರಡನ್ನೂ ಬೆರೆಸಿ ಸುರಿಯುವುದಕ್ಕಿಂತ ಒಂದು ಬೊಂಬೆಗೆ ಒಂದೇ ಬಗೆಯ ಚಹಾ ಎಂದಿಟ್ಟುಕೊಳ್ಳುವುದು ನನಗೆ ಸರಿಕಾಣುತ್ತದೆ. ಕೊನೆಯ ತೊಳೆತಕ್ಕೆ ಆರ್‌ಓ ನೀರನ್ನು ಕಾಯಿಸಿ ಬಳಸಿ, ಹತ್ತಿಬಟ್ಟೆಯಿಂದ ಒರೆಸಿ, ತಟ್ಟೆಯಲ್ಲಿ ನಿಂತ ಚಹಾದಿಂದ ಎತ್ತಿ ಬೇರೆಡೆ ಇಡಿ. ಕುಡಿಯುವ ಚಹಾಕ್ಕೆ ಆರ್‌ಓ ನೀರು ಸಪ್ಪೆಯೆನಿಸಿದರೆ ಅದಕ್ಕೆ ಬೇರೆ ನೀರು ಬಳಸಬಹುದು, ಬೊಂಬೆಗೆ ಆ ತಕರಾರಿಲ್ಲ.