ಗ್ರಾಸ್‌ಹಾಪರ್ ಪೈ ಕತ್ತರಿಸಿದ ಕೂಡಲೇ ಹರಿದುಹೋಗ್ತಿದೆ, ಯಾಕೆ?

ಪೈಪ್ರಿಯೆ
ಅಕ್ಕನ ಹುಟ್ಟುಹಬ್ಬಕ್ಕೆ ಗ್ರಾಸ್‌ಹಾಪರ್ ಪೈ ಮಾಡಿದ್ದೆ. ಮಾರ್ಷ್‌ಮ್ಯಾಲೋಗಳನ್ನು 120 ಮಿ.ಲೀ. ಹಾಲಿನಲ್ಲಿ ಕರಗಿಸಿ, ಪುದೀನ ಘಮದ ಕ್ರೆಮ್ ದ ಮಾಂತ್ ಮತ್ತು ಚಾಕೊಲೇಟ್ ಘಮದ ಕ್ರೆಮ್ ದ ಕಕಾವ್ ಎಂಬ ಎರಡು ಲಿಕರ್ (ಸಿಹಿ ಮದ್ಯ) ಹಾಕಿ, ನೊರೆಗಟ್ಟಿಸಿದ ಕ್ರೀಮ್ ಬೆರೆಸಿ, ಚಾಕೊಲೇಟ್ ಬಿಸ್ಕತ್ತಿನ ಕ್ರಸ್ಟ್‌ಗೆ ಸುರಿದು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ರುಚಿ ಚೆನ್ನಾಗಿತ್ತು. ಆದರೆ ಮೊದಲ ತುಂಡು ಎತ್ತಿದ್ದೇ ತಡ, ಉಳಿದದ್ದೆಲ್ಲ ಆ ಜಾಗಕ್ಕೆ ಹರಿದುಬಂತು. ಘಮ ಸಾಲದು ಅನ್ನಿಸಿ ಎರಡೂ ಲಿಕರ್ ಸೇರಿ 90 ಮಿ.ಲೀ. ಇದ್ದದ್ದನ್ನು 150ಕ್ಕೆ ಏರಿಸಿದ್ದೆ. ತಪ್ಪಾದದ್ದು ಅಲ್ಲೇನಾ? ಬಣ್ಣವೂ ತಿಳಿಹಸಿರು ಬರದೆ ಮಣ್ಣುಮಣ್ಣಾಗಿತ್ತು. ಮುಂದಿನ ವಾರ ಮತ್ತೆ ಮಾಡ್ತೀನಿ. ಈ ಸಲ ಅವಳ ತಟ್ಟೆಯಲ್ಲಿ ನಿಲ್ಲುವಂಥ ತುಂಡು ಇಡಬೇಕು.

ತಣ್ಣನೆ ಕಸ್ಟರ್ಡ್
ಲಿಕರ್ ಹೆಚ್ಚಾದದ್ದು ಅರ್ಧ ಕಾರಣ. ಇನ್ನರ್ಧ, ಕ್ರೀಮ್ ಬೆರೆಸುವಾಗ ಮಾರ್ಷ್‌ಮ್ಯಾಲೋ ಮಿಶ್ರಣ ಇನ್ನೂ ಬೆಚ್ಚಗಿತ್ತು ಅಂತ ನನ್ನ ಅಂದಾಜು.

ಈ ಪೈಗೆ ಆಧಾರ ಎರಡೇ: ಮಾರ್ಷ್‌ಮ್ಯಾಲೋದೊಳಗಿನ ಜಿಲೆಟಿನ್ (ಗಟ್ಟಿಯಾಗಿಸುವ ಪ್ರಾಣಿಜನ್ಯ ಪದಾರ್ಥ), ಮತ್ತೆ ಕ್ರೀಮಿನ ನೊರೆ. ದ್ರವ ಏರಿಸಿದಷ್ಟೂ ಜಿಲೆಟಿನ್ ಹಿಡಿತ ಸಡಿಲ. ನೊರೆಯ ಗಾಳಿಗುಳ್ಳೆಗಳನ್ನು ಹಿಡಿದಿರುವುದು ತಣ್ಣಗಿನ ಕೊಬ್ಬು. ಅದು ಬೆಚ್ಚಗಿನ ಮಿಶ್ರಣಕ್ಕೆ ಬಿದ್ದರೆ ಕರಗುತ್ತೆ, ಗಾಳಿ ಹೊರಟುಹೋಗುತ್ತೆ. ಕ್ರೀಮಿನಲ್ಲಿ ಕನಿಷ್ಠ 30% ಕೊಬ್ಬಿರಬೇಕು, 35% ಇದ್ದರೆ ಇನ್ನೂ ನಿಶ್ಚಿಂತೆ.

ನನಗೆ ಅತಿ ಮುಖ್ಯ ಅನ್ನಿಸೋದು ಕಾಯುವ ಆ ಇಪ್ಪತ್ತು ಮೂವತ್ತು ನಿಮಿಷ. ಪಾತ್ರೆಯ ತಳ ಮುಟ್ಟಿದರೆ ಬೆಚ್ಚಗೆನಿಸಬಾರದು. ಲಿಕರ್ ಬೆರೆಸಿದ ಮೇಲೆ ಮತ್ತೆ ತಣಿಸಿ, ಚಮಚದಿಂದ ಇಳಿಬಿಟ್ಟರೆ ಮೇಲೆ ಕ್ಷಣಹೊತ್ತು ಗುಡ್ಡೆಯಾಗಿ ನಿಂತು ಆಮೇಲೆ ಕರಗಿ ಸೇರಬೇಕು. ಆಗ ಕ್ರೀಮ್ ಹಾಕಿ. ಇನ್ನೂ ಕಾದರೆ ಗಂಟು ಕಟ್ಟುತ್ತೆ. ಹಾಗಾದರೆ ಗಾಬರಿ ಬೇಡ, ಬಿಸಿನೀರಿನ ಮೇಲೆ ಪಾತ್ರೆಯಿಟ್ಟು ಸ್ವಲ್ಪ ಸಡಿಲಿಸಿ ಮತ್ತೆ ತಣಿಸಿ.

ಘಮ ಹೆಚ್ಚಬೇಕಾದರೆ ಲಿಕರನ್ನು ಮೇಲಿಂದ ಸುರಿಯಬೇಡಿ, ಹಾಲಿನ ಜಾಗದಲ್ಲಿ ಹಾಕಿ. ಹಾಲು 90ಕ್ಕೆ ಇಳಿಸಿ, ಲಿಕರ್ 120ಕ್ಕೆ ನಿಲ್ಲಿಸಿ. ಅದೂ ಸಾಲದಿದ್ದರೆ ಎರಡೇ ಹನಿ ಪೆಪ್ಪರ್‌ಮಿಂಟ್ ಎಕ್ಸ್‌ಟ್ರ್ಯಾಕ್ಟ್. 150 ಮಿ.ಲೀ. ಬೇಕೇ ಬೇಕು ಅಂದರೆ ಒಂದು ಟೀ ಚಮಚ ಜಿಲೆಟಿನ್ ಪುಡಿಯನ್ನು ಎರಡು ಚಮಚ ತಣ್ಣೀರಿನಲ್ಲಿ ಐದು ನಿಮಿಷ ನೆನೆಸಿ, ಬಿಸಿ ಹಾಲಿನಲ್ಲಿ ಕರಗಿಸಿ. ಕುದಿಸಬೇಡಿ, ಹಿಡಿತ ಕುಂದುತ್ತೆ.

ಬಣ್ಣದ ವಿಚಾರ: ಕಕಾವ್ ಲಿಕರಿನಲ್ಲಿ ಕಂದು ಮತ್ತು ಬಿಳಿ ಎರಡು ಬಗೆ. ನೀವು ಹಾಕಿದ್ದು ಕಂದು ಇರಬೇಕು. ಇಲ್ಲಿಗೆ ಬಿಳಿಯದೇ ಸರಿ. ಕಂದು ಬಾಟಲಿಯನ್ನು ಬ್ರಾಂಡಿ ಅಲೆಕ್ಸಾಂಡರ್ ಪೈಗೆ ಎತ್ತಿಡಿ. ಅದರಲ್ಲಿ ಬ್ರಾಂಡಿ, ಈ ಕಂದು ಲಿಕರ್, ಮೇಲೆ ತುರಿದ ಜಾಯಿಕಾಯಿ. ನನ್ನ ಮಟ್ಟಿಗೆ ಗ್ರಾಸ್‌ಹಾಪರ್‌ಗಿಂತ ಆ ಪೈಯೇ ಒಂದು ಕೈ ಮೇಲು.

ಮೊಟ್ಟೆಹಳದಿ
ಜಿಲೆಟಿನ್ ತಿನ್ನದವರು ಇದ್ದರೆ ಕಾರ್ನ್‌ಸ್ಟಾರ್ಚ್ ಕಸ್ಟರ್ಡ್ ಮಾಡಿ. ಮೊಟ್ಟೆಯ ಹಳದಿ ಹಾಕಿದ ಕಸ್ಟರ್ಡ್ ಪೂರ್ತಿ ಗುಳ್ಳೆಯೆದ್ದು ಒಂದು ನಿಮಿಷ ಕುದಿಯಲೇಬೇಕು. ಹಳದಿಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಉಳಿದುಬಿಟ್ಟರೆ ಪಿಷ್ಟವನ್ನು ಒಡೆದು, ರಾತ್ರಿ ಗಟ್ಟಿಯಿದ್ದದ್ದನ್ನು ಬೆಳಗ್ಗೆ ನೀರು ಮಾಡುತ್ತೆ. ರಮ್ ಆಗಲಿ ಕಾಫಿ ಲಿಕರ್ ಆಗಲಿ, ಒಲೆಯಿಂದ ಇಳಿಸಿದ ಮೇಲೆಯೇ. ರಮ್ಮಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 40%, ಸಿಹಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಕಡಿಮೆ ಹಾಕಿ, ಸಕ್ಕರೆ ಬೇರೆ ಸೇರಿಸಿ.

ಪೈಪ್ರಿಯೆ
ಫ್ರೀಜರ್‌ನಲ್ಲಿ ಇಡಬಹುದಾ? ಮಕ್ಕಳೂ ಇರ್ತಾರೆ, ಅವರಿಗೆ ಕೊಡಬಹುದಾ?

ತಣ್ಣನೆ ಕಸ್ಟರ್ಡ್
ಫ್ರೀಜರ್ ಒಳ್ಳೆಯ ಉಪಾಯ. ಆಲ್ಕೋಹಾಲ್ ಮತ್ತು ಸಕ್ಕರೆ ಇರೋದರಿಂದ ಕಲ್ಲಾಗಲ್ಲ, ಚಾಕು ಸಲೀಸಾಗಿ ಇಳಿಯುತ್ತೆ. ಮಕ್ಕಳಿಗೆ ಮಾತ್ರ ಬೇಡವೇ ಬೇಡ. ಬೇಯಿಸದ ಪೈಯಲ್ಲಿ ಆಲ್ಕೋಹಾಲ್ ಬಹುಪಾಲು ಹಾಗೇ ಇರುತ್ತೆ. ರಾತ್ರಿಯಿಡೀ ಇಟ್ಟರೂ ಸುಮಾರು 70% ಉಳಿಯುತ್ತೆ ಅಂತ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿದೆ. ಅವರಿಗೆ ಲಿಕರ್ ಬದಲು ಅಷ್ಟೇ ಹಾಲು, ಪೆಪ್ಪರ್‌ಮಿಂಟ್ ಎಕ್ಸ್‌ಟ್ರ್ಯಾಕ್ಟ್ ಹಾಕಿ ಪುಟ್ಟದೊಂದು ಬೇರೆ ಮಾಡಿ, ಗುರುತಿಗೆ ಮೇಲೆ ಚಾಕೊಲೇಟ್ ತುರಿ ಉದುರಿಸಿ.

ಪೈಪ್ರಿಯೆ
ಮಾಡಿದೆ! ಹಾಲು 90, ಲಿಕರ್ 120, ಬಿಳಿ ಕಕಾವ್, ನಾಲ್ಕು ಗಂಟೆ ಫ್ರೀಜರ್. ಮೂಲೆ ಮುರಿಯದ ತ್ರಿಕೋನ ತಟ್ಟೆಗೆ ಬಂತು, ಎಳೆಹಸಿರು ಬಣ್ಣ. ಅಕ್ಕ ಎರಡನೇ ತುಂಡು ಕೇಳಿದಳು. ಮಕ್ಕಳ ಪೈ ಅವರಿಗಿಂತ ಮೊದಲು ದೊಡ್ಡವರೇ ಖಾಲಿ ಮಾಡಿದ್ದರಿಂದ ಮುಂದಿನ ಸಲ ಅದನ್ನೂ ದೊಡ್ಡ ತಟ್ಟೆಯಲ್ಲೇ ಮಾಡ್ತೀನಿ.